ಪ್ರಭುಭೋಜನಕ್ಕೆ ಮೊದಲು ರಾಜಿ: ಕ್ರೈಸ್ತ ಶಾಂತಿಸಭೆಗಳ ದಿನನಿತ್ಯದ ಅಹಿಂಸೆ

ವೈರಿಗಳನ್ನು ಪ್ರೀತಿಸಬೇಕು, ಕೆಡುಕು ಮಾಡಿದವರಿಗೆ ಕೆಡುಕನ್ನೇ ಹಿಂದಿರುಗಿಸಬಾರದು ಎಂಬುದು ಯೇಸುಕ್ರಿಸ್ತನ ಪರ್ವತ ಪ್ರಸಂಗದ ತಿರುಳೆಂಬುದನ್ನು ಯಾವ ಕ್ರೈಸ್ತ ಪಂಥವೂ ಅಲ್ಲಗಳೆದಿಲ್ಲ. ಆದರೆ ಆ ಬೋಧನೆ ಯಾರಿಗೆ, ಯಾವಾಗ, ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಬಂದಿರುವ ಉತ್ತರಗಳು ಒಂದೇ ಬಗೆಯವಲ್ಲ. ಅದು ಸಂನ್ಯಾಸಿಗಳಿಗೆ ಮೀಸಲಾದ ಆದರ್ಶವೆಂದು ಕೆಲವರು, ಖಾಸಗಿ ಬದುಕಿಗಷ್ಟೇ ಸಲ್ಲುವ ನೀತಿಯೆಂದು ಕೆಲವರು, ಮುಂದೆ ಬರಲಿರುವ ದೇವರ ರಾಜ್ಯದ ಸೂಚನೆಯೆಂದು ಮತ್ತೆ ಕೆಲವರು ವಿವರಿಸಿದ್ದಾರೆ. ರೈತನಾಗಲಿ ನೇಕಾರನಾಗಲಿ, ಗಂಡಾಗಲಿ ಹೆಣ್ಣಾಗಲಿ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಅದನ್ನು ಹಾಗೆಯೇ ಪಾಲಿಸಬೇಕೆಂದು ಪಟ್ಟು ಹಿಡಿದವು ಕೆಲವೇ ಸಣ್ಣ ಸಭೆಗಳು. ಕನ್ನಡ ಪ್ರೊಟೆಸ್ಟೆಂಟರ ಬಳಕೆಯಲ್ಲಿ ‘ಸಭೆ’ ಎಂದರೆ ವಿಶ್ವಾಸಿಗಳ ಸಮುದಾಯ. ಇಲ್ಲಿಯೂ ಅದೇ ಅರ್ಥ. 1935ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ನ್ಯೂಟನ್‌ನಲ್ಲಿ ಕೂಡಿದ ಮೆನೊನೈಟ್, ಕ್ವೇಕರ್ ಮತ್ತು ಬ್ರೆದ್ರನ್ ಪ್ರತಿನಿಧಿಗಳ ಸಮಾವೇಶದಿಂದ ಇವುಗಳಿಗೆ ‘ಐತಿಹಾಸಿಕ ಶಾಂತಿಸಭೆಗಳು’ ಎಂಬ ಹೆಸರು ರೂಢಿಗೆ ಬಂತು.

ಈ ಸಭೆಗಳು ಹೊರಜಗತ್ತಿನ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಯುದ್ಧಕಾಲದಲ್ಲಿ, ಅವುಗಳ ಯುವಕರು ಬಂದೂಕು ಹಿಡಿಯಲು ಒಲ್ಲೆವೆಂದಾಗ. ಯುದ್ಧ ತಲೆಮಾರಿಗೊಮ್ಮೆ ಬರಬಹುದು; ನೆರೆಯವರ ಜಗಳ, ಜಮೀನಿನ ತಕರಾರು, ಸಾಲದ ವೈಮನಸ್ಯ, ಆಡಿದ ಕಟುಮಾತು ಪ್ರತಿವಾರವೂ ಬರುತ್ತವೆ. ಬಂದೂಕು ನಿರಾಕರಿಸುವ ಬಲವನ್ನು ಈ ಸಮುದಾಯಗಳು ಪಡೆದದ್ದು ಇಂಥ ಸಣ್ಣ ಕಲಹಗಳನ್ನು ಬಗೆಹರಿಸುವ ಅಭ್ಯಾಸದಿಂದ. ಆ ಅಭ್ಯಾಸಕ್ಕೆ ಚೌಕಟ್ಟು ಒದಗಿಸಿದ್ದು ಅವುಗಳ ಆರಾಧನೆ. ಮೆನೊನೈಟ್, ಆಮಿಶ್ ಮತ್ತು ಹಟರೈಟ್ ಎಂಬ ಮೂರು ಕವಲುಗಳಿರುವ ಅನಾಬ್ಯಾಪ್ಟಿಸ್ಟ್ ಪರಂಪರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2025ರಲ್ಲಿ 500 ವರ್ಷ ತುಂಬಿದ ಈ ಪರಂಪರೆಯ ಸಾಧನೆಗಳಂತೆಯೇ ಅದರ ಸೋಲುಗಳೂ ಆರಾಧನೆ, ಸಮುದಾಯ, ಅಹಿಂಸೆಗಳ ನಡುವಣ ನಂಟನ್ನು ತೋರಿಸಿಕೊಡುತ್ತವೆ.

ಕತ್ತಿಯಿಂದ ದೂರ ಸರಿದವರು

ಮೊದಲ ಮೂರು ಶತಮಾನಗಳ ಕ್ರೈಸ್ತ ಬರಹಗಾರರಲ್ಲಿ ತೆರ್ತುಲ್ಲಿಯನ್, ಒರಿಗೆನ್ ಮುಂತಾದವರು ವಿಶ್ವಾಸಿಗಳು ಸೈನಿಕರಾಗುವುದನ್ನು ಒಪ್ಪಿರಲಿಲ್ಲ. ಕ್ರಿ.ಶ. 295ರಲ್ಲಿ, ಇಂದಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ, ಮಾಕ್ಸಿಮಿಲಿಯನ್ ಎಂಬ 21 ವರ್ಷದ ಯುವಕ ತಾನು ಕ್ರೈಸ್ತನಾದ್ದರಿಂದ ರೋಮನ್ ಸೈನ್ಯ ಸೇರಲಾರೆನೆಂದು ಹೇಳಿ ಮರಣದಂಡನೆಗೆ ಗುರಿಯಾದ. ಆದರೆ ಅದೇ ಕಾಲದಲ್ಲಿ ಸೈನ್ಯದಲ್ಲಿದ್ದ ಕ್ರೈಸ್ತರೂ ಇದ್ದರು. ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಆಶ್ರಯ ದೊರೆತ ಮೇಲೆ ಸಾಮ್ರಾಜ್ಯದ ರಕ್ಷಣೆಯೂ ಕ್ರೈಸ್ತರ ಹೊಣೆಯಾಯಿತು. ಅಂಬ್ರೋಸ್ ಮತ್ತು ಅಗಸ್ಟೀನ್ ರೂಪಿಸಿ, ಮುಂದೆ ಥಾಮಸ್ ಅಕ್ವಿನಾಸ್ ವ್ಯವಸ್ಥಿತಗೊಳಿಸಿದ ‘ನ್ಯಾಯಯುದ್ಧ’ ಸಿದ್ಧಾಂತ, ಅಂದರೆ ಯೋಗ್ಯ ಅಧಿಕಾರ, ನ್ಯಾಯವಾದ ಕಾರಣ, ಸದುದ್ದೇಶ ಇವಿದ್ದಲ್ಲಿ ಯುದ್ಧ ಸಮ್ಮತವೆಂಬ ವಾದ, ಬಹುಪಾಲು ಕ್ರೈಸ್ತರ ನಿಲುವಾಗಿ ಇಂದಿಗೂ ಉಳಿದಿದೆ.

ಧರ್ಮಕ್ಕೂ ಪ್ರಭುತ್ವಕ್ಕೂ ನಡುವಣ ಈ ಹೊಂದಾಣಿಕೆಗೆ ದೊಡ್ಡ ಸವಾಲು ಎದುರಾದದ್ದು ಹದಿನಾರನೆಯ ಶತಮಾನದ ಸುಧಾರಣಾ ಚಳವಳಿಯ ಅಂಚಿನಿಂದ. ಜೂರಿಚ್ ನಗರದಲ್ಲಿ 1525ರ ಜನವರಿ 21ರಂದು ಫೆಲಿಕ್ಸ್ ಮಾಂಝನ ಮನೆಯಲ್ಲಿ ಸೇರಿದ ಸಣ್ಣ ಗುಂಪಿನಲ್ಲಿ ಕಾನ್ರಾಡ್ ಗ್ರೆಬೆಲ್ ಎಂಬಾತ ಜಾರ್ಜ್ ಬ್ಲೌರೊಕ್‌ಗೆ ದೀಕ್ಷಾಸ್ನಾನ ಮಾಡಿಸಿದ. ಶಿಶುವಾಗಿದ್ದಾಗ ಎಲ್ಲರಿಗೂ ಆಗಿದ್ದ ಸಂಸ್ಕಾರ ಸಲ್ಲದು, ವಿಶ್ವಾಸವನ್ನು ಅರಿತು ಒಪ್ಪಿಕೊಂಡ ವಯಸ್ಕರಿಗೆ ಮಾತ್ರ ದೀಕ್ಷೆ ಸಲ್ಲುತ್ತದೆ ಎಂಬುದು ಅವರ ವಾದ. ಮರಳಿ ದೀಕ್ಷೆ ಪಡೆಯುವವರು ಎಂಬರ್ಥದ ಅನಾಬ್ಯಾಪ್ಟಿಸ್ಟ್ ಎಂಬ ಹೆಸರನ್ನು ಅವರಿಗೆ ಇಟ್ಟವರು ಎದುರಾಳಿಗಳು. ಅಂದಿನ ಯುರೋಪಿನಲ್ಲಿ ಹುಟ್ಟಿದ ಮಗು ಏಕಕಾಲಕ್ಕೆ ಊರಿನ ಪ್ರಜೆಯೂ ಚರ್ಚಿನ ಸದಸ್ಯನೂ ಆಗುತ್ತಿದ್ದುದರಿಂದ, ದೀಕ್ಷೆಯನ್ನು ಸ್ವಂತ ಆಯ್ಕೆಯ ವಿಷಯವಾಗಿಸುವುದೆಂದರೆ ಪ್ರಭುತ್ವವನ್ನೂ ಧರ್ಮವನ್ನೂ ಬೆಸೆದಿದ್ದ ಕೊಂಡಿಯನ್ನು ಕಳಚುವುದೇ ಆಗಿತ್ತು. ಮಾಂಝನನ್ನು 1527ರ ಜನವರಿಯಲ್ಲಿ ಜೂರಿಚ್‌ನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಎರಡು ವರ್ಷಗಳ ಬಳಿಕ ಸ್ಪೆಯರ್ ನಗರದಲ್ಲಿ ಹೊರಟ ಸಾಮ್ರಾಜ್ಯದ ಶಾಸನವು ಮರುದೀಕ್ಷೆಗೆ ಮರಣದಂಡನೆಯನ್ನು ವಿಧಿಸಿತು.

ಆರಂಭದ ಅನಾಬ್ಯಾಪ್ಟಿಸ್ಟರೆಲ್ಲರೂ ಅಹಿಂಸಾವಾದಿಗಳಾಗಿರಲಿಲ್ಲ. ಸುವಾರ್ತೆಯನ್ನಾಗಲಿ ಅದನ್ನು ನಂಬಿದವರನ್ನಾಗಲಿ ಕತ್ತಿಯಿಂದ ಕಾಯಬಾರದೆಂದು ಗ್ರೆಬೆಲ್ 1524ರಲ್ಲೇ ರೈತ ಬಂಡಾಯದ ಧುರೀಣ ಥಾಮಸ್ ಮ್ಯುಂಟ್ಸರನಿಗೆ ಪತ್ರ ಬರೆದಿದ್ದ. ಆದರೆ ಹತ್ತು ವರ್ಷಗಳ ನಂತರ ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ವಶಪಡಿಸಿಕೊಂಡ ಒಂದು ಗುಂಪು ಬಲಾತ್ಕಾರದಿಂದ ‘ಹೊಸ ಯೆರೂಸಲೇಮ’ನ್ನು ಕಟ್ಟಲು ಹೊರಟು 1535ರಲ್ಲಿ ರಕ್ತಪಾತದಲ್ಲಿ ಕೊನೆಗೊಂಡಿತು. ಆ ದುರಂತದ ಬೆನ್ನಲ್ಲೇ, 1536ರಲ್ಲಿ, ಫ್ರೀಸ್‌ಲ್ಯಾಂಡಿನ ಕ್ಯಾಥೊಲಿಕ್ ಪಾದ್ರಿ ಮೆನೊ ಸಿಮೊನ್ಸ್ ತನ್ನ ಹುದ್ದೆಯನ್ನು ತೊರೆದು ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಗ್ಗೂಡಿಸಿದ. ಮೆನೊನೈಟರಿಗೆ ಬಂದದ್ದು ಆತನದೇ ಹೆಸರು.

ಅದಕ್ಕೂ ಮೊದಲು, 1527ರ ಫೆಬ್ರುವರಿಯಲ್ಲಿ, ಸ್ವಿಸ್ ಗಡಿಯ ಶ್ಲೈಟ್‌ಹೈಮ್ ಎಂಬ ಊರಿನಲ್ಲಿ ಮಿಖಾಯೆಲ್ ಸಾಟ್ಲರನ ಮುಂದಾಳುತನದಲ್ಲಿ ಏಳು ಕಲಮುಗಳ ಒಪ್ಪಂದವೊಂದು ಸಿದ್ಧವಾಗಿತ್ತು. ದೀಕ್ಷಾಸ್ನಾನ, ಬಹಿಷ್ಕಾರ, ರೊಟ್ಟಿ ಮುರಿಯುವಿಕೆ, ಲೋಕದಿಂದ ಬೇರ್ಪಡೆ, ಸಭಾಪಾಲಕರು, ಕತ್ತಿ, ಪ್ರಮಾಣವಚನ ಎಂಬವು ಅದರ ವಿಷಯಗಳು. ಪ್ರಭುತ್ವದ ಕತ್ತಿ ದೇವರ ವ್ಯವಸ್ಥೆಯಲ್ಲಿ ಇದ್ದರೂ ಅದು ಕ್ರಿಸ್ತನ ಪರಿಪೂರ್ಣತೆಗೆ ಹೊರಗಿನದು, ತಪ್ಪು ಮಾಡಿದವರನ್ನು ತಿದ್ದಲು ಸಭೆಯೊಳಗೆ ಎಚ್ಚರಿಕೆ ಮತ್ತು ಬಹಿಷ್ಕಾರಗಳ ಹೊರತು ಬೇರೆ ಅಸ್ತ್ರವಿಲ್ಲ ಎಂದು ಆರನೆಯ ಕಲಮು ಸಾರುತ್ತದೆ. ಕತ್ತಿಯ ಮಾತು ಅದಕ್ಕೆಂದೇ ಬರೆದ ಘೋಷಣೆಯಲ್ಲಿ ಬಾರದೆ, ಯಾರು ಸದಸ್ಯರಾಗಬೇಕು, ಯಾರೊಡನೆ ಊಟ ಮಾಡಬೇಕು, ತಪ್ಪಿದವರನ್ನು ಹೇಗೆ ತಿದ್ದಬೇಕು ಎಂಬ ನಿಯಮಗಳ ನಡುವೆ ಬಂದಿರುವುದು ಇಲ್ಲಿ ಗಮನಾರ್ಹ. ಅಹಿಂಸೆ ಒಂದು ಬಗೆಯ ಸಮುದಾಯಕ್ಕೆ ಮಾತ್ರ ಸಾಧ್ಯವೆಂದು ಸಾಟ್ಲರ್ ತಿಳಿದಿದ್ದ. ಅದೇ ವರ್ಷದ ಮೇ ತಿಂಗಳಲ್ಲಿ ಆತನನ್ನು ಜೀವಂತವಾಗಿ ಸುಡಲಾಯಿತು.

ಪಂಕ್ತಿಯಲ್ಲಿ ಕೂರುವ ಮುನ್ನ

ಈ ಸಮುದಾಯದ ಕಟ್ಟನ್ನು ಇಂದು ಎದ್ದು ಕಾಣುವಂತೆ ಉಳಿಸಿಕೊಂಡಿರುವವರು ಆಮಿಶರು. 1693ರಲ್ಲಿ ಯಾಕೊಬ್ ಅಮ್ಮಾನ್ ಎಂಬ ಹಿರಿಯನ ನೇತೃತ್ವದಲ್ಲಿ ಸ್ವಿಸ್ ಅನಾಬ್ಯಾಪ್ಟಿಸ್ಟರಿಂದ ಬೇರೆಯಾದ ಇವರು ಈಗ ಉತ್ತರ ಅಮೆರಿಕದಲ್ಲಿ ಸುಮಾರು 4 ಲಕ್ಷ ಮಂದಿ ಇದ್ದಾರೆ. ಸಾಂಪ್ರದಾಯಿಕ ಆಮಿಶರಿಗೆ ಚರ್ಚ್ ಕಟ್ಟಡವಿಲ್ಲ. ಇಪ್ಪತ್ತರಿಂದ ನಲವತ್ತು ಕುಟುಂಬಗಳ ಒಂದೊಂದು ಸಭೆ ಎರಡು ವಾರಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಸೇರುತ್ತದೆ. ಕೂರುವ ಬೆಂಚುಗಳನ್ನು ಕುದುರೆ ಗಾಡಿಯಲ್ಲಿ ಮನೆಯಿಂದ ಮನೆಗೆ ಸಾಗಿಸುತ್ತಾರೆ. ಸುಮಾರು ಮೂರು ತಾಸಿನ ಆರಾಧನೆಯಲ್ಲಿ ವಾದ್ಯಗಳಿಲ್ಲ. ಹಾಡುಗಳನ್ನು ‘ಔಸ್‌ಬುಂಡ್’ ಎಂಬ ಸಂಗ್ರಹದಿಂದ ಎತ್ತಿಕೊಳ್ಳುತ್ತಾರೆ. ಅದರ ಅತಿ ಹಳೆಯ ಗೀತೆಗಳು 1530ರ ದಶಕದಲ್ಲಿ ಪಸಾವ್ ಕೋಟೆಯ ಸೆರೆಮನೆಯಲ್ಲಿದ್ದ ಅನಾಬ್ಯಾಪ್ಟಿಸ್ಟರು ರಚಿಸಿದವು. ಸಾಹಿತ್ಯವಷ್ಟೇ ಅಚ್ಚಾಗಿರುವ ಈ ಪುಸ್ತಕದ ರಾಗಗಳು ಬಾಯಿಂದ ಬಾಯಿಗೆ ದಾಟಿ ಬಂದಿವೆ. ಬಹು ನಿಧಾನವಾದ ಈ ಗಾಯನದಲ್ಲಿ ಯಾರ ದನಿಯೂ ಬೇರೆಯಾಗಿ ಮೇಲೇಳುವಂತಿಲ್ಲ.

ಸಭಾಪಾಲಕರ ಆಯ್ಕೆಗೂ ಪೈಪೋಟಿ ಇಲ್ಲ. ಸದಸ್ಯರು ಸೂಚಿಸಿದ ಹೆಸರುಗಳಲ್ಲಿ ಒಂದನ್ನು ಚೀಟಿಯ ಮೂಲಕ ಆರಿಸುತ್ತಾರೆ: ಹೆಸರುಗಳಷ್ಟೇ ಸಂಖ್ಯೆಯ ಹಾಡಿನ ಪುಸ್ತಕಗಳ ಪೈಕಿ ಒಂದರೊಳಗೆ ಚೀಟಿ ಇರಿಸಲಾಗುತ್ತದೆ, ಯಾರ ಕೈಗೆ ಆ ಪುಸ್ತಕ ಬರುತ್ತದೆಯೋ ಆತ ಸಂಬಳವಿಲ್ಲದೆ ಜೀವನಪರ್ಯಂತ ಆ ಹೊಣೆ ಹೊರಬೇಕು. ಓದು, ಸಿರಿತನ, ಮಾತುಗಾರಿಕೆಗಳ ಬಲದಿಂದ ಮೇಲೇರುವ ದಾರಿಯನ್ನು ಈ ಪದ್ಧತಿ ಮುಚ್ಚಿಬಿಡುತ್ತದೆ.

ಆರಾಧನೆಗೂ ಅಹಿಂಸೆಗೂ ಇರುವ ನಂಟು ಎಲ್ಲಕ್ಕಿಂತ ನೇರವಾಗಿ ಕಾಣುವುದು ಪ್ರಭುಭೋಜನದಲ್ಲಿ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗಾಗಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ವಿಧಿಯಲ್ಲಿ. ಆಮಿಶರಲ್ಲಿ ಇದು ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ನಡೆಯುತ್ತದೆ. ಅದಕ್ಕೆ ಎರಡು ವಾರ ಮುಂಚೆ ಸಮಾಲೋಚನಾ ಸಭೆ ಕೂಡುತ್ತದೆ. ಉಡುಪು, ವಾಹನ, ವಿದ್ಯುತ್ತು ಮುಂತಾದ ವಿಷಯಗಳಲ್ಲಿ ಸಮುದಾಯ ಪಾಲಿಸುವ, ಬಹುಮಟ್ಟಿಗೆ ಅಲಿಖಿತವಾದ ‘ಒರ್ಡ್‌ನುಂಗ್’ ಎಂಬ ಕಟ್ಟಳೆಯನ್ನು ಅಲ್ಲಿ ನೆನಪಿಸಲಾಗುತ್ತದೆ. ಬಳಿಕ ಪ್ರತಿ ಸದಸ್ಯರೂ, ಹೆಂಗಸರೂ ಸೇರಿದಂತೆ, ತಾವು ದೇವರೊಡನೆಯೂ ಸಭೆಯೊಡನೆಯೂ ಸಮಾಧಾನದಲ್ಲಿದ್ದೇವೆಯೇ ಎಂಬುದನ್ನು ತಿಳಿಸಬೇಕು. ಬಗೆಹರಿಯದ ವೈಮನಸ್ಯವಿದ್ದರೆ ನಡುವಿನ ಎರಡು ವಾರಗಳಲ್ಲಿ ರಾಜಿಯಾಗಬೇಕು. ಒಡಕು ಆಳವಾಗಿದ್ದರೆ ಇಡೀ ಸಭೆಯ ಪ್ರಭುಭೋಜನವೇ ಮುಂದಕ್ಕೆ ಹೋಗುತ್ತದೆ. ಹೀಗೆ ಇಬ್ಬರ ಜಗಳ ಎಲ್ಲರ ಆರಾಧನೆಯನ್ನು ತಡೆಯುವುದರಿಂದ ಅದನ್ನು ಪರಿಹರಿಸುವುದು ಎಲ್ಲರ ಕೆಲಸವಾಗುತ್ತದೆ. ಭೋಜನದ ಕೊನೆಯಲ್ಲಿ ಗಂಡಸರು ಗಂಡಸರ, ಹೆಂಗಸರು ಹೆಂಗಸರ ಪಾದಗಳನ್ನು ತೊಳೆಯುತ್ತಾರೆ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸನ ಬೋಧನೆಯಿಂದ ಹುಟ್ಟಿದ ಕ್ವೇಕರರು ಬೇರೊಂದು ದಾರಿಯಿಂದ ಇದೇ ಕಡೆಗೆ ಬಂದರು. ಅವರ ಮೂಲ ಪದ್ಧತಿಯಲ್ಲಿ ಪಾದ್ರಿಯಿಲ್ಲ, ವಿಧಿಗಳಿಲ್ಲ. ಎಲ್ಲರೂ ಮೌನವಾಗಿ ಕುಳಿತಿದ್ದು, ಒಳಗಿನ ಪ್ರೇರಣೆ ಆದವರು ಮಾತ್ರ ಎದ್ದು ಮಾತನಾಡುತ್ತಾರೆ. ಆಡಳಿತದ ಕೂಟವೂ ಆರಾಧನೆಯ ಮುಂದುವರಿಕೆಯೇ ಆದ್ದರಿಂದ ಅಲ್ಲಿ ಮತದಾನವಿಲ್ಲ. ಗುಮಾಸ್ತ ಎನಿಸಿಕೊಂಡವರು ಕೂಟದ ಒಟ್ಟು ಅಭಿಪ್ರಾಯವನ್ನು ಗ್ರಹಿಸಿ ಬರೆದು ಓದುತ್ತಾರೆ, ಗಂಭೀರವಾದ ಭಿನ್ನಮತವಿದ್ದರೆ ನಿರ್ಣಯ ಮುಂದಕ್ಕೆ ಹೋಗುತ್ತದೆ. ಬಹುಮತದ ಬಲದಿಂದ ಸೋಲಿಸುವ ಅವಕಾಶವೇ ಇಲ್ಲದ ಕಡೆ ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳುವುದು ಅನಿವಾರ್ಯ. ಯುದ್ಧಸಂತ್ರಸ್ತರ ನಡುವೆ ನಡೆಸಿದ ಸೇವೆಗಾಗಿ ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸಂಸ್ಥೆಗಳಿಗೆ 1947ರ ನೊಬೆಲ್ ಶಾಂತಿ ಪುರಸ್ಕಾರ ಸಂದಿತು.

ನಷ್ಟವನ್ನು ಹಂಚಿಕೊಳ್ಳುವ ಲೆಕ್ಕ

ಬಲಪ್ರಯೋಗ ಬೇಡವೆನ್ನುವವರು ನಷ್ಟಕ್ಕೂ ಸಿದ್ಧರಿರಬೇಕು. ಕಳ್ಳನ ಮೇಲೆ ಕೈಮಾಡದ, ವಂಚಿಸಿದವನ ಮೇಲೆ ದಾವೆ ಹೂಡದ ರೈತನೊಬ್ಬ ಆ ನಷ್ಟವನ್ನು ಒಂಟಿಯಾಗಿ ಹೊರಬೇಕಾದರೆ ಆತನ ತತ್ವ ಹೆಚ್ಚು ದಿನ ಬಾಳಲಾರದು. ಆದ್ದರಿಂದಲೇ ಈ ಸಮುದಾಯಗಳಲ್ಲಿ ಪರಸ್ಪರ ನೆರವು ಅಹಿಂಸೆಯ ಆರ್ಥಿಕ ಆಧಾರವಾಗಿದೆ. ಬೆಂಕಿಗೆ ಆಹುತಿಯಾದ ಕೊಟ್ಟಿಗೆಯನ್ನು ಆಮಿಶರು ಊರೆಲ್ಲ ಸೇರಿ ಮತ್ತೆ ಎತ್ತಿ ನಿಲ್ಲಿಸುತ್ತಾರೆ. ಆಸ್ಪತ್ರೆಯ ದೊಡ್ಡ ವೆಚ್ಚಗಳನ್ನು ಸಭೆಗಳು ಹಂಚಿಕೊಳ್ಳುತ್ತವೆ. ವೃದ್ಧರನ್ನೂ ಅಸಹಾಯಕರನ್ನೂ ತಾವೇ ನೋಡಿಕೊಳ್ಳುತ್ತೇವೆಂಬ ಅವರ ವಾದವನ್ನು ಒಪ್ಪಿದ ಅಮೆರಿಕದ ಸಂಸತ್ತು 1965ರಲ್ಲಿ ಇಂಥ ಪಂಥಗಳ ಸ್ವಯಂ ಉದ್ಯೋಗಿಗಳಿಗೆ ಸಾಮಾಜಿಕ ಭದ್ರತಾ ತೆರಿಗೆಯಿಂದ ವಿನಾಯಿತಿ ನೀಡಿತು. ಹಟರೈಟರು ಇನ್ನೂ ಮುಂದೆ ಹೋಗಿ 1528ರಿಂದಲೇ ಖಾಸಗಿ ಆಸ್ತಿಯನ್ನು ಬಿಟ್ಟುಕೊಟ್ಟರು. ಈಗಲೂ ಕೆನಡಾ ಮತ್ತು ಅಮೆರಿಕದ ಅವರ ವಸಾಹತುಗಳಲ್ಲಿ ಜಮೀನು, ಯಂತ್ರ, ಅಡುಗೆಮನೆ ಎಲ್ಲವೂ ಸಾಮೂಹಿಕ, ಜನಸಂಖ್ಯೆ ನೂರೈವತ್ತರ ಆಸುಪಾಸಿಗೆ ಬಂದಾಗ ವಸಾಹತು ಎರಡಾಗಿ ಒಡೆಯುತ್ತದೆ. ಮೆನೊನೈಟರ ನೆರವು ತಮ್ಮವರ ಗಡಿಯನ್ನು ದಾಟಿತು: ರಷ್ಯಾ ಮತ್ತು ಉಕ್ರೇನಿನ ಕ್ಷಾಮಪೀಡಿತರಿಗಾಗಿ 1920ರಲ್ಲಿ ಆರಂಭವಾದ ಮೆನೊನೈಟ್ ಸೆಂಟ್ರಲ್ ಕಮಿಟಿ 1940ರ ದಶಕದಲ್ಲಿ ಬಂಗಾಳದಲ್ಲೂ ಪರಿಹಾರ ಕಾರ್ಯ ಕೈಗೊಂಡಿತು.

ಪರೀಕ್ಷೆಯ ಕಾಲ

ಇಂಥ ದಿನಚರಿಯಲ್ಲಿ ಬೆಳೆದವರನ್ನು ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳು ಪರೀಕ್ಷೆಗೆ ಒಡ್ಡಿದವು. 1918ರಲ್ಲಿ ಅಮೆರಿಕದ ದಕ್ಷಿಣ ಡಕೋಟಾದ ನಾಲ್ವರು ಹಟರೈಟ್ ಯುವಕರು ಸಮವಸ್ತ್ರ ತೊಡಲು ಒಪ್ಪದ ಕಾರಣ 20 ವರ್ಷಗಳ ಶಿಕ್ಷೆಗೆ ಗುರಿಯಾಗಿ ಅಲ್ಕಟ್ರಾಜ್ ಸೆರೆಮನೆಯ ಕತ್ತಲೆ ಕೋಣೆಗೆ ಹೋದರು. ಅವರಲ್ಲಿ ಜೋಸೆಫ್ ಮತ್ತು ಮಿಖಾಯೆಲ್ ಹೋಫರ್ ಎಂಬ ಅಣ್ಣತಮ್ಮಂದಿರು ಯುದ್ಧ ನಿಂತ ಕೆಲವೇ ವಾರಗಳಲ್ಲಿ ಲೆವೆನ್‌ವರ್ತ್ ಸೆರೆಮನೆಯಲ್ಲಿ ತೀರಿಕೊಂಡರು. ಬದುಕಿದ್ದಾಗ ತೊಡಲೊಪ್ಪದ ಸಮವಸ್ತ್ರವನ್ನು ಜೋಸೆಫನ ಶವಕ್ಕೆ ತೊಡಿಸಲಾಗಿತ್ತು. ಆ ಬಳಿಕ ಹಟರೈಟರಲ್ಲಿ ಬಹುಪಾಲು ಮಂದಿ ಕೆನಡಾಕ್ಕೆ ವಲಸೆ ಹೋದರು.

ಎರಡನೆಯ ಮಹಾಯುದ್ಧದ ವೇಳೆಗೆ ಶಾಂತಿಸಭೆಗಳು ಸರ್ಕಾರದೊಡನೆ ಮಾತುಕತೆ ನಡೆಸಿ, ಆತ್ಮಸಾಕ್ಷಿಯ ಕಾರಣದಿಂದ ಯುದ್ಧ ನಿರಾಕರಿಸುವವರಿಗೆ ನಾಗರಿಕ ಸೇವೆಯ ಪರ್ಯಾಯವನ್ನು ಪಡೆದವು. 1941ರಿಂದ 1947ರವರೆಗೆ ಸುಮಾರು 12,000 ಯುವಕರು ಸಂಬಳವಿಲ್ಲದೆ ಅರಣ್ಯ, ಮಣ್ಣಿನ ಸಂರಕ್ಷಣೆ, ಆಸ್ಪತ್ರೆಗಳಲ್ಲಿ ದುಡಿದರು. ಶಿಬಿರಗಳ ವೆಚ್ಚದ ದೊಡ್ಡ ಪಾಲನ್ನು ಸಭೆಗಳೇ ಭರಿಸಿದವು. ಅವರಲ್ಲಿ 36 ಮಂದಿ, ಹಸಿವಿನ ಪರಿಣಾಮಗಳನ್ನು ಅರಿಯಲು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗಕ್ಕೆ ಸ್ವಇಚ್ಛೆಯಿಂದ ತಮ್ಮ ದೇಹವನ್ನು ಒಡ್ಡಿದರು. ಮಾನಸಿಕ ಆಸ್ಪತ್ರೆಗಳಿಗೆ ನಿಯುಕ್ತರಾದ ಸುಮಾರು 3,000 ಮಂದಿ ಅಲ್ಲಿನ ಹೊಡೆತ, ಹೊಲಸು, ಅಮಾನವೀಯತೆಗಳನ್ನು ದಾಖಲಿಸಿ ಹೊರಗೆ ತಂದರು; ಆ ಅನುಭವದಿಂದಲೇ ಮೆನೊನೈಟರು ಮುಂದೆ ತಮ್ಮದೇ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟಿದರು.

ಬಂದೂಕಿನ ಎದುರು ನಿಂತ ಇನ್ನೊಂದು ಸಂದರ್ಭ ಒದಗಿದ್ದು ಶಾಂತಿಕಾಲದಲ್ಲಿ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕ್ಕಲ್ ಮೈನ್ಸ್ ಎಂಬಲ್ಲಿನ ಆಮಿಶ್ ಶಾಲೆಗೆ ನುಗ್ಗಿದ ವ್ಯಕ್ತಿಯೊಬ್ಬ ಹತ್ತು ಹುಡುಗಿಯರ ಮೇಲೆ ಗುಂಡು ಹಾರಿಸಿ ತಾನೂ ಗುಂಡಿಟ್ಟುಕೊಂಡ. ಐವರು ಹುಡುಗಿಯರು ಸತ್ತರು. ಅದೇ ಸಂಜೆ ಆಮಿಶ್ ನೆರೆಯವರು ಕೊಲೆಗಾರನ ಪತ್ನಿಯ ಮತ್ತು ತಂದೆತಾಯಿಯ ಬಳಿ ಹೋಗಿ ಸಂತೈಸಿದರು, ಆತನ ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡರು, ಬಂದ ದೇಣಿಗೆಯಲ್ಲಿ ಒಂದು ಪಾಲನ್ನು ಆತನ ಕುಟುಂಬಕ್ಕೂ ಇಟ್ಟರು. ಕೆಲವು ಅಂಕಣಕಾರರು ಇದನ್ನು ಅತಿ ಅವಸರದ ಕ್ಷಮೆಯೆಂದು ಟೀಕಿಸಿದ್ದುಂಟು. ಆದರೆ ವರ್ಷಕ್ಕೆ ಎರಡು ಬಾರಿ ರಾಜಿಯಾಗದೆ ಪಂಕ್ತಿಗೆ ಕೂರದ ಜನರಿಗೆ ಆ ಸಂಜೆ ಏನು ಮಾಡಬೇಕೆಂಬುದನ್ನು ಹೊಸದಾಗಿ ನಿರ್ಧರಿಸಬೇಕಾದ ಅಗತ್ಯವಿರಲಿಲ್ಲ. ದುಃಖವೂ ಕೋಪವೂ ಅವರನ್ನು ಬಹುಕಾಲ ಕಾಡಿದವು, ಕ್ಷಮೆಯ ನಡೆ ಮಾತ್ರ ಅವುಗಳಿಗಾಗಿ ಕಾಯಲಿಲ್ಲ.

ಇದೇ ಮನೋಧರ್ಮ ಕಾನೂನಿನ ಕ್ಷೇತ್ರಕ್ಕೂ ಒಂದು ಕೊಡುಗೆ ನೀಡಿದೆ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ 22 ಕಡೆ ಆಸ್ತಿಪಾಸ್ತಿ ಹಾಳುಗೆಡವಿದ್ದ ಇಬ್ಬರು ಹುಡುಗರನ್ನು ಮೆನೊನೈಟ್ ಕಾರ್ಯಕರ್ತರಿಬ್ಬರು ನ್ಯಾಯಾಧೀಶರ ಅನುಮತಿಯೊಡನೆ ನಷ್ಟಕ್ಕೊಳಗಾದವರ ಮನೆಬಾಗಿಲಿಗೆ ಕರೆದೊಯ್ದು, ಮುಖಾಮುಖಿ ಮಾತನಾಡಿಸಿ, ನಷ್ಟ ಭರ್ತಿ ಮಾಡಿಸಿದರು. ಅಪರಾಧವನ್ನು ಪ್ರಭುತ್ವದ ವಿರುದ್ಧದ ಕೃತ್ಯವೆಂದಷ್ಟೇ ನೋಡದೆ ನೊಂದವರಿಗೆ ಆದ ಹಾನಿಯೆಂದು ನೋಡುವ ‘ಪುನಃಸ್ಥಾಪಕ ನ್ಯಾಯ’ ಎಂಬ ಚಿಂತನೆಯ ಆಧುನಿಕ ಚರಿತ್ರೆಯಲ್ಲಿ ಎಲ್ಮೈರಾಕ್ಕೆ ಮೊದಲ ಸ್ಥಾನವಿದೆ. ಅದನ್ನು ಸಿದ್ಧಾಂತವಾಗಿ ಬೆಳೆಸಿದ ಹೊವರ್ಡ್ ಜೆಹರ್ ಕೂಡ ಮೆನೊನೈಟರೇ.

ಒಳಗಿನ ಬಿರುಕುಗಳು

ಈ ಚರಿತ್ರೆ ಬರಿಯ ನಿಷ್ಠೆಯ ಚರಿತ್ರೆಯಲ್ಲ. ರಷ್ಯಾದ ಅಂತರ್ಯುದ್ಧದ ಅರಾಜಕತೆಯಲ್ಲಿ, 1918-19ರಲ್ಲಿ, ಉಕ್ರೇನಿನ ಮೆನೊನೈಟರಲ್ಲಿ ಹಲವರು ಆತ್ಮರಕ್ಷಣೆಯ ಪಡೆ ಕಟ್ಟಿ ಬಂದೂಕು ಹಿಡಿದರು. ಜರ್ಮನಿಯ ಮೆನೊನೈಟರು ಹಿಟ್ಲರನ ಕಾಲಕ್ಕೆ ಸೈನ್ಯಸೇವೆಯಿಂದ ವಿನಾಯಿತಿ ಕೇಳುವುದನ್ನೇ ಕೈಬಿಟ್ಟಿದ್ದರು. ಎರಡನೆಯ ಮಹಾಯುದ್ಧದಲ್ಲಿ ಕರೆಬಂದ ಅಮೆರಿಕದ ಮೆನೊನೈಟ್ ಯುವಕರಲ್ಲಿ ಸುಮಾರು ಶೇ 46 ಮಂದಿ ನಾಗರಿಕ ಸೇವೆಗೆ ಹೋದರೆ, ಶೇ 40ರಷ್ಟು ಮಂದಿ ಸೈನ್ಯವನ್ನೇ ಸೇರಿದರು, ಉಳಿದವರು ಶಸ್ತ್ರರಹಿತ ಸೈನಿಕ ಸೇವೆಯನ್ನು ಆರಿಸಿಕೊಂಡರು. ಶಿಸ್ತು ಬಿಗಿಯಾಗಿದ್ದ ಪಂಗಡಗಳಲ್ಲಿ ನಿರಾಕರಿಸಿದವರ ಪ್ರಮಾಣ ಹೆಚ್ಚು, ನಗರದ ಬದುಕಿನಲ್ಲಿ ಬೆರೆತುಹೋಗಿದ್ದ ಪಂಗಡಗಳಲ್ಲಿ ಕಡಿಮೆ.

ತಾತ್ವಿಕ ಆಕ್ಷೇಪವೂ ಇದೆ. ಶಾಂತಿವಾದಿ ಸಂಘಟನೆಯೊಂದರ ಅಧ್ಯಕ್ಷರಾಗಿದ್ದು ಬಳಿಕ ಅದನ್ನು ತೊರೆದ ದೇವತಾಶಾಸ್ತ್ರಜ್ಞ ರೈನೋಲ್ಡ್ ನೀಬರ್, ಮೆನೊನೈಟರಂಥವರ ನಿಲುವು ವೈಯಕ್ತಿಕ ಸಾಕ್ಷಿಯಾಗಿ ಗೌರವಾರ್ಹವಾದರೂ ಸಮಾಜದ ನ್ಯಾಯವನ್ನು ಕಾಯುವ ಹೊಣೆಯಿಂದ ಅದು ನುಣುಚಿಕೊಳ್ಳುತ್ತದೆ ಎಂದು 1940ರ ಸುಮಾರಿಗೆ ವಾದಿಸಿದರು. ಇನ್ನೊಬ್ಬರ ಕತ್ತಿಯ ನೆರಳಲ್ಲಿ ಬದುಕುತ್ತ ಕತ್ತಿಯನ್ನು ಹಳಿಯುವುದು ಸರಿಯೇ ಎಂಬ ಈ ಪ್ರಶ್ನೆಗೆ ಶಾಂತಿಸಭೆಗಳು ಕೊಟ್ಟಿರುವ ಉತ್ತರ ಮಾತಿಗಿಂತ ಹೆಚ್ಚಾಗಿ ಕೆಲಸದ ರೂಪದಲ್ಲಿದೆ.

ಇದಕ್ಕಿಂತ ಕಠಿಣವಾದದ್ದು ಒಳಗಿನ ಹಿಂಸೆಯ ಪ್ರಶ್ನೆ. ತಪ್ಪಿದವರೊಡನೆ ಊಟ, ವ್ಯವಹಾರ ನಿಲ್ಲಿಸುವ ಬಹಿಷ್ಕಾರವು ಕತ್ತಿಗೆ ಪರ್ಯಾಯವಾಗಿ ಬಂದದ್ದಾದರೂ, ಹುಟ್ಟಿದಾರಭ್ಯ ಬೇರೆ ಲೋಕವನ್ನೇ ಕಾಣದವರ ಪಾಲಿಗೆ ಅದು ಘೋರ ಶಿಕ್ಷೆಯೇ ಆಗಬಹುದು. 1972ರಲ್ಲಿ ಪ್ರಕಟವಾದ ‘ದ ಪಾಲಿಟಿಕ್ಸ್ ಆಫ್ ಜೀಸಸ್’ ಕೃತಿಯಿಂದ ಕ್ರೈಸ್ತ ಶಾಂತಿವಾದದ ಅತ್ಯಂತ ಪ್ರಭಾವಿ ಚಿಂತಕರೆನಿಸಿಕೊಂಡ ಮೆನೊನೈಟ್ ವಿದ್ವಾಂಸ ಜಾನ್ ಹೊವರ್ಡ್ ಯೋಡರ್ ದಶಕಗಳ ಕಾಲ ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರು. ನೊಂದವರ ಸಂಖ್ಯೆ 100ಕ್ಕೂ ಹೆಚ್ಚೆಂದು 2015ರಲ್ಲಿ ಪ್ರಕಟವಾದ ಇತಿಹಾಸ ಅಧ್ಯಯನ ಅಂದಾಜಿಸಿತು. ದೂರುಗಳು ಬಂದಾಗ ಅವರ ವಿದ್ವತ್ತಿನ ಕೀರ್ತಿಯನ್ನೂ ಸಂಸ್ಥೆಗಳ ಹೆಸರನ್ನೂ ಕಾಪಾಡಲು ವರ್ಷಗಳ ಕಾಲ ಗುಟ್ಟು ಕಾಯ್ದದ್ದು, ರಾಜಿಯ ಹೆಸರಿನಲ್ಲಿ ನೊಂದವರನ್ನೇ ಮೌನಕ್ಕೆ ತಳ್ಳಿದ್ದು ಈ ಪ್ರಕರಣದ ಮುಖ್ಯ ಪಾಠ. ಬಲಿಷ್ಠನ ತಪ್ಪನ್ನು ಪಂಕ್ತಿಯ ಮುಂದೆ ತರಲಾಗದ ಕಡೆ ಕ್ಷಮೆಯ ಸಂಸ್ಕೃತಿಯೇ ದೌರ್ಜನ್ಯಕ್ಕೆ ಮರೆಯಾಗುತ್ತದೆ. ಸಭೆ 2015ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದಾಗ ಯೋಡರ್ ತೀರಿಕೊಂಡು ಹದಿನೇಳು ವರ್ಷಗಳಾಗಿದ್ದವು.

ಭಾರತದ ಕೊಂಡಿ

ಈ ಪರಂಪರೆಗೆ ಭಾರತದೊಡನೆ ಎರಡು ಬಗೆಯ ನಂಟಿದೆ. ಮೊದಲನೆಯದು ವಿಚಾರದ ನಂಟು. ಟಾಲ್‌ಸ್ಟಾಯ್ 1894ರಲ್ಲಿ ಪ್ರಕಟಿಸಿದ ‘ದೇವರ ರಾಜ್ಯ ನಿಮ್ಮೊಳಗಿದೆ’ ಎಂಬರ್ಥದ ಕೃತಿಯಲ್ಲಿ ಕ್ವೇಕರರ ಬಗೆಗೂ, ಪೆನ್ಸಿಲ್ವೇನಿಯಾದ ಮೆನೊನೈಟ್ ಲೇಖಕ ಡೇನಿಯಲ್ ಮಸ್ಸರ್ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬರೆದ ಅಪ್ರತಿರೋಧದ ಪುಸ್ತಕದ ಬಗೆಗೂ ಚರ್ಚೆಯಿದೆ. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಆ ಕೃತಿಯನ್ನು ಓದಿ ಅಪಾರವಾಗಿ ಪ್ರಭಾವಿತರಾದದ್ದನ್ನು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆದರೆ ಮೆನೊನೈಟರು ಗಾಂಧೀಜಿಯನ್ನು ಕೂಡಲೇ ತಮ್ಮವರೆಂದು ಒಪ್ಪಲಿಲ್ಲ. ಕೆಡುಕನ್ನು ಎದುರಿಸದೆ ಸಹಿಸಿಕೊಳ್ಳುವುದೇ ಸುವಾರ್ತೆಯ ದಾರಿ, ಸತ್ಯಾಗ್ರಹವಾದರೋ ಎದುರಾಳಿಯನ್ನು ಮಣಿಸುವ ಒತ್ತಡ ತಂತ್ರ ಎಂದು ಗೈ ಹರ್ಷ್‌ಬರ್ಗರ್ 1944ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟವನ್ನು ಕಂಡ ಮೇಲೆ ಮೆನೊನೈಟರಲ್ಲಿ ಅನೇಕರು ಈ ನಿಲುವನ್ನು ಸಡಿಲಿಸಿ, ಅನ್ಯಾಯವನ್ನು ಶಸ್ತ್ರವಿಲ್ಲದೆ ಎದುರಿಸುವ ಸಕ್ರಿಯ ಶಾಂತಿಕಾರ್ಯದತ್ತ ಹೊರಳಿದರು.

ಎರಡನೆಯದು ಜನರ ನಂಟು. 1899ರಲ್ಲಿ, ಕ್ಷಾಮದ ದಿನಗಳಲ್ಲಿ, ಅಮೆರಿಕದ ಮೆನೊನೈಟ್ ಮಿಶನರಿಗಳು ಇಂದಿನ ಛತ್ತೀಸಗಢದ ಧಮ್ತರಿಯಲ್ಲಿ ಕೆಲಸ ಆರಂಭಿಸಿದರು. ಅದೇ ಕಾಲಕ್ಕೆ ಮೆನೊನೈಟ್ ಬ್ರೆದ್ರನ್ ಮಿಶನ್ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಬಂತು, ಅದರ ಫಲವಾಗಿ ತೆಲಂಗಾಣದಲ್ಲಿ ಇಂದು ದೊಡ್ಡ ಸಮುದಾಯವೇ ಇದೆ. 1997ರಲ್ಲಿ ಮೆನೊನೈಟ್ ವಿಶ್ವ ಸಮ್ಮೇಳನ ಕೋಲ್ಕತ್ತದಲ್ಲಿ ನಡೆಯಿತು. ಜಗತ್ತಿನಾದ್ಯಂತ 20 ಲಕ್ಷಕ್ಕೂ ಹೆಚ್ಚಿರುವ ಅನಾಬ್ಯಾಪ್ಟಿಸ್ಟ್ ಸದಸ್ಯರಲ್ಲಿ ಬಹುಪಾಲು ಮಂದಿ ಈಗ ಆಫ್ರಿಕ, ಏಷ್ಯಾ, ಲ್ಯಾಟಿನ್ ಅಮೆರಿಕದವರು. ಕುದುರೆ ಗಾಡಿಯ ಆಮಿಶರಿಗಿಂತ ಇಥಿಯೋಪಿಯಾದ, ಕಾಂಗೋದ, ತೆಲಂಗಾಣದ ಸಭೆಗಳೇ ಈ ಪರಂಪರೆಯ ಇಂದಿನ ಮುಖ.

ಐದು ಶತಮಾನಗಳ ಈ ಅನುಭವದಿಂದ ಒಂದು ತೀರ್ಮಾನಕ್ಕೆ ಬರಬಹುದು. ಹಾಡು, ಊಟ, ಹಣ, ಅಧಿಕಾರ, ತಪ್ಪೊಪ್ಪಿಗೆ ಇವೆಲ್ಲವನ್ನೂ ಒಳಗೊಂಡ ದಿನಚರಿಯ ಬೆಂಬಲವಿದ್ದ ಕಡೆ ಅಹಿಂಸೆ ಸೆರೆಮನೆಯಲ್ಲೂ ಉಳಿಯಿತು. ಆ ದಿನಚರಿ ಸಡಿಲವಾದ ಕಡೆ ಅದು ವರ್ಷಕ್ಕೊಮ್ಮೆ ನೆನೆಯುವ ಪಿತ್ರಾರ್ಜಿತ ಹೆಮ್ಮೆಯಾಗಿ ಉಳಿಯಿತು. ಆದರೆ ದಿನಚರಿಯೊಂದೇ ಸಾಲದೆಂಬುದನ್ನು ಯೋಡರ್ ಪ್ರಕರಣ ತೋರಿಸಿದೆ. ಕತ್ತಿಯನ್ನು ಬಿಟ್ಟ ಸಮುದಾಯದ ನಿಜವಾದ ಪರೀಕ್ಷೆ ಗಡಿಯಲ್ಲಿ ನಡೆಯುವುದಿಲ್ಲ. ಅದರ ಅತ್ಯಂತ ದುರ್ಬಲ ಸದಸ್ಯರು ಬಲಿಷ್ಠರ ವಿರುದ್ಧ ನಿರ್ಭಯವಾಗಿ ದೂರಲು ಸಾಧ್ಯವಿದ್ದರೆ ಮಾತ್ರ ಅದನ್ನು ಶಾಂತಿಸಭೆ ಎನ್ನಬಹುದು.